ಅಗ್ಗದ ಆಲ್ಪ್ಸ್: ಸ್ವಿಟ್ಜರ್ಲೆಂಡ್ ಕೈಗೆಟುಕದವರಿಗೆ ಸ್ಲೊವೇನಿಯ

ಯುರೋಪ್ ಪ್ರವಾಸ ಎಂದೊಡನೆ ಬಹುತೇಕ ಕನ್ನಡಿಗರ ಕಣ್ಣ ಮುಂದೆ ಮೂಡುವುದು ಸ್ವಿಟ್ಜರ್ಲೆಂಡ್. ಹಿಮ ಹೊದ್ದ ಶಿಖರಗಳು, ಹಸಿರು ಇಳಿಜಾರು, ಕೊರಳಲ್ಲಿ ಗಂಟೆ ಕಟ್ಟಿಕೊಂಡು ಮೇಯುವ ಹಸುಗಳು. ಈ ಚಿತ್ರವನ್ನು ಮನೆ ಮನೆಗೆ ತಲುಪಿಸಿದ ಶ್ರೇಯ ಹಿಂದಿ ಚಿತ್ರರಂಗಕ್ಕೆ ಸಲ್ಲಬೇಕು. 1995ರಲ್ಲಿ ತೆರೆಕಂಡ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಬಳಿಕವಂತೂ ಅದು ಮಧುಚಂದ್ರದ ಪರ್ಯಾಯ ಪದವೇ ಆಗಿಹೋಯಿತು. ಆದರೆ ಜಗತ್ತಿನ ದುಬಾರಿ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಸದಾ ಮೇಲಿನ ಸಾಲಿನಲ್ಲೇ ಇರುತ್ತದೆ. ಮಧ್ಯಮ ವರ್ಗದ ಕುಟುಂಬವೊಂದು ವರ್ಷಗಟ್ಟಲೆ ಕೂಡಿಟ್ಟ ಹಣ ಅಲ್ಲಿ ಒಂದೇ ವಾರದಲ್ಲಿ ಕರಗಿಹೋಗಬಹುದು.

ಆಲ್ಪ್ಸ್ ಪರ್ವತಶ್ರೇಣಿಯೇನೂ ಸ್ವಿಟ್ಜರ್ಲೆಂಡ್‌ನ ಸ್ವತ್ತಲ್ಲ. ಫ್ರಾನ್ಸ್, ಇಟಲಿ, ಆಸ್ಟ್ರಿಯಗಳಲ್ಲೂ ಹರಡಿರುವ ಈ ಶ್ರೇಣಿಯ ಪೂರ್ವದ ಒಂದು ಅಂಚು ಸ್ಲೊವೇನಿಯ ಎಂಬ ಪುಟ್ಟ ದೇಶದಲ್ಲಿದೆ. ನೆಹರೂ-ಟಿಟೊ ಸ್ನೇಹದ ಕಾಲದಲ್ಲಿ ಭಾರತೀಯರಿಗೆ ಚಿರಪರಿಚಿತವಾಗಿದ್ದ ಯುಗೊಸ್ಲಾವಿಯದಿಂದ 1991ರಲ್ಲಿ ಬೇರ್ಪಟ್ಟ ಈ ದೇಶ, 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಸೇರಿತು. 2007ರಿಂದ ಇಲ್ಲಿ ಯೂರೊ ಚಲಾವಣೆಯಲ್ಲಿದೆ. ಬೆಲೆಗಳು ಒಟ್ಟಾರೆ ಒಕ್ಕೂಟದ ಸರಾಸರಿಗಿಂತ ಕಡಿಮೆ. ಯುರೋಪಿನ ಅತ್ಯಂತ ಅಗ್ಗದ ದೇಶ ಇದೆಂದು ಹೇಳುವಂತಿಲ್ಲ. ಬಲ್ಗೇರಿಯ, ಅಲ್ಬೇನಿಯಗಳಲ್ಲಿ ಖರ್ಚು ಇನ್ನೂ ಕಡಿಮೆ. ಆದರೆ ಪರ್ವತ, ಸರೋವರ, ಗುಹೆ, ಸಮುದ್ರ ಎಲ್ಲವನ್ನೂ ಇಷ್ಟು ಸಮೀಪದಲ್ಲಿ, ಇಷ್ಟು ಹಣಕ್ಕೆ ತೋರಿಸುವ ದೇಶ ಮತ್ತೊಂದು ಸಿಗುವುದು ಕಷ್ಟ.

ಹಣ ಸೋರುವುದೆಲ್ಲಿ?

'ಹತ್ತು ದಿನದಲ್ಲಿ ಏಳು ದೇಶ' ಮಾದರಿಯ ಪ್ಯಾಕೇಜ್‌ಗಳು ಇಂದಿಗೂ ಜನಪ್ರಿಯ. ಆದರೆ ಪ್ರವಾಸದ ಖರ್ಚನ್ನು ಏರಿಸುವುದು ವಿಮಾನದ ಟಿಕೆಟ್ ಮಾತ್ರವಲ್ಲ, ದಿನಕ್ಕೊಂದು ಊರಿನ ಅಲೆದಾಟ. ಪ್ರತಿ ಊರಿಗೂ ಹೊಸ ಹೋಟೆಲ್, ಹೊಸ ರೈಲು, ಅವಸರದಲ್ಲಿ ಹಿಡಿದ ಟ್ಯಾಕ್ಸಿ. ಮೇಲಾಗಿ ಅರ್ಧ ದಿನ ಬಸ್ಸಿನ ಕಿಟಕಿಯಲ್ಲೇ ಕಳೆದುಹೋಗುತ್ತದೆ. ಸಣ್ಣ ದೇಶವೊಂದನ್ನು ಆರಿಸಿಕೊಂಡು ಒಂದೆರಡು ಕಡೆ ಮಾತ್ರ ಬಿಡಾರ ಹೂಡಿದರೆ ಈ ಸೋರಿಕೆ ತಾನಾಗಿ ನಿಲ್ಲುತ್ತದೆ. ಸ್ಲೊವೇನಿಯದ ವಿಸ್ತೀರ್ಣ ಸುಮಾರು 20,270 ಚದರ ಕಿಲೋಮೀಟರ್. ಅಂದರೆ ಕರ್ನಾಟಕದೊಳಗೆ ಇಂತಹ ಒಂಬತ್ತು ದೇಶಗಳು ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ರಾಜಧಾನಿ ಲುಬ್ಲಿಯಾನಾದಿಂದ ಬ್ಲೆಡ್ ಸರೋವರಕ್ಕೆ ಸುಮಾರು 55 ಕಿಲೋಮೀಟರ್, ಸಮುದ್ರ ತೀರದ ಪಿರಾನ್‌ಗೆ 120 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗುವುದಕ್ಕಿಂತ ಕಡಿಮೆ ದೂರದಲ್ಲಿ ದೇಶದ ಅಂಚೇ ಬಂದುಬಿಡುತ್ತದೆ.

ರಾಜಧಾನಿಯೂ ಹೆಸರಿಗಷ್ಟೇ ಮಹಾನಗರ. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ಹಳೆಯ ಪೇಟೆಯೊಳಗೆ 2007ರಿಂದ ಕಾರುಗಳಿಗೆ ಪ್ರವೇಶವಿಲ್ಲದ ಕಾರಣ ಮಕ್ಕಳು, ವೃದ್ಧರೊಂದಿಗೆ ನಿಶ್ಚಿಂತೆಯಿಂದ ನಡೆದಾಡಬಹುದು. ಊರಿನ ಮುಖಲಕ್ಷಣವನ್ನು ರೂಪಿಸಿದವನು ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್ (1872-1957). ಮೂರು ಸೇತುವೆಗಳು ಒಂದೆಡೆ ಕೂಡುವ 'ಟ್ರಿಪಲ್ ಬ್ರಿಜ್', ನದಿಯಂಚಿನ ಕಂಬಸಾಲಿನ ಮಾರುಕಟ್ಟೆ ಅವನ ಕೈಚಳಕ. 2021ರಲ್ಲಿ ಈ ನಗರದಲ್ಲಿನ ಅವನ ನಿರ್ಮಾಣಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವನ್ನೆಲ್ಲ ನೋಡಲು ಟಿಕೆಟ್ ಬೇಕಿಲ್ಲ.

ಬ್ಲೆಡ್ ಚೆಂದ, ಬೊಹಿನ್ ಇನ್ನೂ ಚೆಂದ

ಸ್ಲೊವೇನಿಯದ ಪ್ರತಿ ಕ್ಯಾಲೆಂಡರ್‌ನಲ್ಲೂ ಇರುವ ಚಿತ್ರ ಬ್ಲೆಡ್ ಸರೋವರದ್ದು. ನೀರಿನ ನಡುವೆ ಪುಟ್ಟ ದ್ವೀಪ, ಅದರ ಮೇಲೆ ಚರ್ಚು, ದಂಡೆಯ ಕಡಿದಾದ ಬಂಡೆಯ ನೆತ್ತಿಯಲ್ಲಿ 1011ರ ದಾಖಲೆಯಲ್ಲೇ ಉಲ್ಲೇಖವಿರುವ ಕೋಟೆ. 'ಪ್ಲೆತ್ನಾ' ಎಂಬ ಮರದ ದೋಣಿಯಲ್ಲಿ ದ್ವೀಪಕ್ಕೆ ತೆರಳಿ 99 ಮೆಟ್ಟಿಲು ಹತ್ತಬೇಕು. ದೋಣಿಗೂ ಕೋಟೆಗೂ ತೆರಬೇಕಾದ ಹಣ ಕಡಿಮೆಯೇನಲ್ಲ. ಆದರೆ ಸರೋವರದ ಸುತ್ತಲಿನ ಆರು ಕಿಲೋಮೀಟರ್ ಕಾಲುದಾರಿ ಉಚಿತ. ಕ್ಯಾಲೆಂಡರ್‌ನ ಆ ನೋಟ ಸಿಗುವುದೂ ದ್ವೀಪದಲ್ಲಲ್ಲ, ಪಶ್ಚಿಮ ದಂಡೆಯ ಓಸೊಯ್ನಿತ್ಸಾ ಗುಡ್ಡದ ಮೇಲೆ. ಅದನ್ನೇರಲು ಬೇಕಿರುವುದು ಕಾಲಿನ ಶಕ್ತಿ ಮಾತ್ರ.

ಬ್ಲೆಡ್‌ನಲ್ಲೇ ತಂಗುವುದು ಜಾಣತನವಲ್ಲ. ಜುಲೈ-ಆಗಸ್ಟ್‌ನಲ್ಲಿ ಅಲ್ಲಿನ ಹೋಟೆಲ್ ದರಗಳು ಸ್ಲೊವೇನಿಯ ಅಗ್ಗವೆಂಬ ಮಾತನ್ನೇ ಸುಳ್ಳಾಗಿಸುತ್ತವೆ. ಸುಮಾರು 26 ಕಿಲೋಮೀಟರ್ ಮುಂದೆ, ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದ ಒಳಗೆ ಇರುವ ಬೊಹಿನ್, ದೇಶದ ಅತಿ ದೊಡ್ಡ ಶಾಶ್ವತ ನೈಸರ್ಗಿಕ ಸರೋವರ. ಇಲ್ಲಿ ದ್ವೀಪವಿಲ್ಲ, ಕೋಟೆಯಿಲ್ಲ. ಮೂರು ದಿಕ್ಕಿಗೂ ನೇರ ಎದ್ದು ನಿಂತ ಬೆಟ್ಟಗಳು, ತಿಳಿನೀರು, ಮೌನ. ಅಂಚಿನ ಹಳ್ಳಿಗಳಲ್ಲಿ ಮನೆವಾಸ್ತವ್ಯಗಳಿವೆ. ಸಮೀಪದಲ್ಲೇ ಸವಿತ್ಸಾ ಜಲಪಾತ, ವೊಗೆಲ್ ಶಿಖರದೆಡೆಗೆ 1,500 ಮೀಟರ್‌ಗೂ ಮೇಲಿನ ಎತ್ತರಕ್ಕೆ ಒಯ್ಯುವ ಕೇಬಲ್ ಕಾರ್. ಮೇಲೆ ನಿಂತರೆ ಎದುರಿಗೆ ಕಾಣುವುದೇ 2,864 ಮೀಟರ್ ಎತ್ತರದ ತ್ರಿಗ್ಲಾವ್, ದೇಶದ ಧ್ವಜದಲ್ಲಿ ಸ್ಥಾನ ಪಡೆದಿರುವ ಪರ್ವತ. ಆಗುಂಬೆಯ ಮಳೆಗೆ ಹೋಲಿಸುವಂತಿಲ್ಲವಾದರೂ ಬೊಹಿನ್ ಯುರೋಪಿನ ಮಟ್ಟಿಗೆ ಭಾರಿ ಮಳೆಯ ಪ್ರದೇಶ. ಬೇಸಿಗೆಯಲ್ಲೂ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ, ಆದ್ದರಿಂದ ಬೆಟ್ಟದ ಕಾರ್ಯಕ್ರಮವನ್ನು ಬೆಳಗ್ಗೆಯೇ ಮುಗಿಸುವುದು ಲೇಸು.

ಇಲ್ಲಿಂದ ದಕ್ಷಿಣಕ್ಕೆ ಸಾಗುವ 'ಬೊಹಿನ್ ರೈಲು ಮಾರ್ಗ' ಪ್ರವಾಸಿಗರ ಗಮನಕ್ಕೆ ಹೆಚ್ಚಾಗಿ ಬಾರದ ಸಂಗತಿ. ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದ ಕಾಲದಲ್ಲಿ, 1906ರಲ್ಲಿ, ಟ್ರಿಯೆಸ್ಟ್ ಬಂದರನ್ನು ತಲುಪಲು ತೆರೆದ ಮಾರ್ಗವಿದು. ಬೆಟ್ಟದ ಹೊಟ್ಟೆಯನ್ನು ಸೀಳಿದ ಆರು ಕಿಲೋಮೀಟರ್‌ಗೂ ಉದ್ದದ ಸುರಂಗವನ್ನು ದಾಟಿ ರೈಲು ಪಚ್ಚೆ ಬಣ್ಣದ ಸೋಚಾ ನದಿಯ ಕಣಿವೆಗೆ ಇಳಿಯುತ್ತದೆ. ಕೊನೆಗೆ ಬರುವುದು ಸೊಲ್ಕಾನ್ ಸೇತುವೆ. ಕಲ್ಲಿನಲ್ಲಿ ಕಟ್ಟಿದ ರೈಲ್ವೆ ಸೇತುವೆಗಳ ಕಮಾನುಗಳಲ್ಲಿ ಇದರ 85 ಮೀಟರ್ ಕಮಾನೇ ಜಗತ್ತಿನಲ್ಲಿ ಅತಿ ದೊಡ್ಡದು. ಸ್ವಿಟ್ಜರ್ಲೆಂಡ್‌ನ ವಿಹಾರ ರೈಲುಗಳಿಗೆ ತೆರುವ ದುಡ್ಡನ್ನು ನೆನೆದರೆ, ಸಾಮಾನ್ಯ ಪ್ಯಾಸೆಂಜರ್ ಟಿಕೆಟ್‌ನಲ್ಲಿ ದೊರೆಯುವ ಈ ನೋಟ ಬಿಟ್ಟಿ ಎನ್ನಬೇಕು. ರೈಲು ನಿಲ್ಲುವ ನೋವಾ ಗೊರಿತ್ಸಾ ನಿಲ್ದಾಣದ ಮುಂದಿನ ಚೌಕದ ಆಚೆ ಬದಿ ಇಟಲಿ. ನಡೆದೇ ದಾಟಬಹುದು, ಆದರೆ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಇಂದು ಇಷ್ಟು ಪ್ರಶಾಂತವಾಗಿರುವ ಸೋಚಾ ದಂಡೆಯಲ್ಲೇ ಒಂದನೇ ಮಹಾಯುದ್ಧದಲ್ಲಿ, 1915ರಿಂದ 1917ರ ನಡುವೆ, ಹನ್ನೆರಡು ಕದನಗಳು ನಡೆದವು. ಹೆಮಿಂಗ್ವೆಯ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಯುದ್ಧಭೂಮಿ ಇದೇ.

ಗುಹೆಗಳ ವಿಷಯದಲ್ಲಿ ಆಯ್ಕೆ ಸುಲಭ. ಪೋಸ್ತೊಯ್ನಾ ಗುಹೆಯೊಳಗೆ ಪುಟ್ಟ ರೈಲು ಓಡುತ್ತದೆ, ಕಣ್ಣಿಲ್ಲದಂತಿರುವ 'ಓಲ್ಮ್' ಎಂಬ ಉಭಯಚರಿಯನ್ನೂ ನೋಡಬಹುದು. ಮಕ್ಕಳಿದ್ದರೆ ಅಲ್ಲಿಗೇ ಹೋಗಬೇಕು. ಭೂಗರ್ಭದ ನಿಜವಾದ ಭವ್ಯತೆ ಮಾತ್ರ 1986ರಲ್ಲೇ ಯುನೆಸ್ಕೊ ಮನ್ನಣೆ ಪಡೆದ ಶ್ಕೋತ್ಸಿಯಾನ್ ಗುಹೆಗಳಲ್ಲಿದೆ. ನೆಲದಾಳದಲ್ಲಿ ಭೋರ್ಗರೆಯುವ ನದಿ, ಅದರ ಮೇಲೆ ಬಹು ಎತ್ತರದಲ್ಲಿ ಕಾಲುಸೇತುವೆ. ದಿವಾಚಾ ರೈಲು ನಿಲ್ದಾಣದಿಂದ ಇಲ್ಲಿಗೆ ನಡೆದೇ ಹೋಗಬಹುದು.

ಊಟ, ವಸತಿ

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಕಾಡುಗೋಧಿಯ ಹಿಟ್ಟನ್ನು ಕುದಿಸಿ ಮಾಡುವ 'ಜ್ಗಾಂತ್ಸಿ' ನಮ್ಮ ರಾಗಿ ಮುದ್ದೆಯ ದೂರದ ನೆಂಟನಂತಿದೆ; ಅದರ ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸುವುದು ಅಲ್ಲಿಯ ವಾಡಿಕೆ. 'ಬ್ರೆಜ್ ಮೆಸಾ', ಅಂದರೆ ಮಾಂಸವಿಲ್ಲದೆ ಎಂಬ ಎರಡು ಪದ ಕಲಿತಿದ್ದರೆ ಸಾಕು. ಗಿಣ್ಣು ತುಂಬಿದ 'ಶ್ತ್ರುಕ್ಲಿ' ನಿರಾತಂಕವಾಗಿ ತಿನ್ನಬಹುದು. ನಲ್ಲಿ ನೀರು ಶುದ್ಧವಾಗಿದೆ. 2016ರಲ್ಲಿ ಕುಡಿಯುವ ನೀರಿನ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದ ದೇಶವಿದು. ನಾಲ್ವರ ಕುಟುಂಬಕ್ಕೆ ಬಾಟಲಿ ನೀರಿನ ಉಳಿತಾಯವೇ ಗಣನೀಯ.

ವಸತಿಗೆ ಹೋಟೆಲ್‌ಗಳಿಗಿಂತ 'ಟೂರಿಸ್ಟಿಚ್ನಾ ಕ್ಮೆತಿಯಾ' ಎಂಬ ಕೃಷಿಕರ ಮನೆಗಳು ಮೇಲು. ಕೊಡಗು, ಮಲೆನಾಡಿನ ಹೋಂಸ್ಟೇ ಕಂಡವರಿಗೆ ಹೊಸದೇನಲ್ಲ. ಮನೆಯವರದೇ ತೋಟದ ತರಕಾರಿ, ಮನೆಯವರದೇ ಅಡುಗೆ.

ಸಮಯ ಮತ್ತು ವೀಸಾ

ನಮ್ಮ ಶಾಲೆಗಳ ರಜೆ ಏಪ್ರಿಲ್-ಮೇ ತಿಂಗಳಲ್ಲಿ ಬರುವುದು ಇಲ್ಲಿ ಅನುಕೂಲಕ್ಕೆ ಒದಗುತ್ತದೆ. ಮೇ ತಿಂಗಳ ಮಧ್ಯದಿಂದ ಜೂನ್‌ವರೆಗೆ, ಮತ್ತೆ ಸೆಪ್ಟೆಂಬರ್‌ನಲ್ಲಿ ದರಗಳೂ ಜನಜಂಗುಳಿಯೂ ಕಡಿಮೆ. ಮೇನಲ್ಲಿ ಎತ್ತರದ ದಾರಿಗಳಲ್ಲಿ ಹಿಮ ಉಳಿದಿರುತ್ತದೆ ಎಂಬುದಷ್ಟೇ ಕೊರತೆ. ಬೆಂಗಳೂರಿನಿಂದ ಲುಬ್ಲಿಯಾನಾಕ್ಕೆ ನೇರ ವಿಮಾನವಿಲ್ಲ. ಟಿಕೆಟ್ ಹುಡುಕುವಾಗ ನೆರೆಯ ಝಾಗ್ರೆಬ್, ವೆನಿಸ್ ನಿಲ್ದಾಣಗಳ ದರವನ್ನೂ ನೋಡಬೇಕು. ಎರಡೂ ಕಡೆಯಿಂದ ಬಸ್‌ಗಳಿವೆ. ಕ್ರೊಯೇಷಿಯ 2023ರ ಜನವರಿಯಲ್ಲಿ ಷೆಂಗೆನ್ ವಲಯ ಸೇರಿದ ಬಳಿಕ ಝಾಗ್ರೆಬ್ ಮೂಲಕ ಬರಲು ಪ್ರತ್ಯೇಕ ವೀಸಾದ ತೊಡಕಿಲ್ಲ.

ಬೇಕಿರುವುದು ಸ್ವಿಟ್ಜರ್ಲೆಂಡ್‌ಗೂ ನಡೆಯುವ ಅದೇ ಷೆಂಗೆನ್ ವೀಸಾ. 2024ರ ಜೂನ್‌ನಲ್ಲಿ ಪರಿಷ್ಕರಿಸಿದಂತೆ ವಯಸ್ಕರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೊ ಶುಲ್ಕ. ವೀಸಾ ನಿರಾಕರಿಸಿದರೆ ಈ ಹಣ ಮರಳುವುದಿಲ್ಲ. ಆದ್ದರಿಂದ ರದ್ದುಪಡಿಸಬಹುದಾದ ಹೋಟೆಲ್ ಬುಕಿಂಗ್ ಮಾತ್ರ ಮಾಡಿಕೊಂಡು, ಪೂರ್ಣ ಹಣ ತೆರುವುದನ್ನು ವೀಸಾ ಕೈಗೆ ಬರುವವರೆಗೆ ತಡೆಹಿಡಿಯುವುದು ಕ್ಷೇಮ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಸಲ್ಲಿಸಬಹುದು. ಹೆಚ್ಚು ದಿನ ತಂಗುವ ದೇಶದ ಹೆಸರಿನಲ್ಲೇ ಅರ್ಜಿ ಹಾಕಬೇಕು ಎಂಬ ನಿಯಮವನ್ನು ಮೀರಿ, ಸುಲಭವಾಗಿ ಸಿಗುತ್ತದೆಂದು ಬೇರೆ ದೇಶದ ಮೂಲಕ ಯತ್ನಿಸುವುದು ಅಪಾಯಕಾರಿ.

ಇಷ್ಟು ದೂರ ಬಂದಮೇಲೆ ಬೋಸ್ನಿಯದ ಮೊಸ್ತಾರ್ ಸೇತುವೆಯನ್ನೋ ಮಾಂಟೆನೆಗ್ರೊದ ಕೊಟೊರ್ ಕೊಲ್ಲಿಯನ್ನೋ ನೋಡಿಬರುವ ಆಸೆ ಸಹಜ. ಇವೆರಡೂ ಷೆಂಗೆನ್ ವಲಯದ ಹೊರಗಿವೆ. ಒಂದು ಪ್ರವೇಶಕ್ಕೆ ಮಾತ್ರ ಅನುಮತಿಯುಳ್ಳ ವೀಸಾ ಇದ್ದವರು ಒಮ್ಮೆ ಗಡಿ ದಾಟಿದರೆ ಮರಳಿ ಒಳಬರುವಂತಿಲ್ಲ, ಊರಿಗೆ ಹೊರಡುವ ವಿಮಾನ ಲುಬ್ಲಿಯಾನಾದಲ್ಲಿ ಕಾದಿದ್ದರೂ ಸರಿ.