ಅನಾಥಾಲಯದಿಂದ ಬಾವಿಕಟ್ಟೆಗೆ: ದಕ್ಷಿಣ ಬೆಂಗಳೂರಿನ ಮಿಷನರಿ ಪರಿಹಾರ ಕಾರ್ಯದ ಎರಡು ಘಟ್ಟಗಳು

ಪ್ರಸ್ತಾವನೆ

1977ರ ನವೆಂಬರ್ 19ರಂದು ಆಂಧ್ರದ ಚೀರಾಲದ ಬಳಿ ಚಂಡಮಾರುತವೊಂದು ಕರಾವಳಿಗೆ ಅಪ್ಪಳಿಸಿತು. ಕೃಷ್ಣಾ ನದಿಯ ಕವಲುಗಳ ನಡುವೆ ದ್ವೀಪದಂತಿರುವ ದಿವಿಸೀಮೆಯ ಮೇಲೆ ಸುಮಾರು ಐದು ಮೀಟರ್ ಎತ್ತರದ ಅಲೆ ಏರಿಬಂತು. ಸತ್ತವರ ಸಂಖ್ಯೆ ಹತ್ತು ಸಾವಿರದ ಆಸುಪಾಸು. ಪರಿಹಾರಕ್ಕೆಂದು ಆಂಧ್ರಕ್ಕೆ ಹೋದ ತಂಡಗಳಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ನೆರೆಯ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡಗಳೂ ಇದ್ದವು. ಇದಕ್ಕೆ ನೂರು ವರ್ಷ ಹಿಂದೆ, ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ, ಇದೇ ನಗರದ ಕ್ರೈಸ್ತ ಮಿಷನ್‌ಗಳು ಬೇರೆಯದೇ ರೀತಿಯ ಪರಿಹಾರ ನಡೆಸಿದ್ದವು. ಚರ್ಚಿನ ಪರಿಹಾರ ಕಾರ್ಯವನ್ನು ಅದು ಹಂಚಿದ ವಸ್ತುಗಳ ಪ್ರಮಾಣದಿಂದ ಅಳೆಯುವುದು ಸಾಲದು. ಸಂತ್ರಸ್ತರ ಕೈಯಲ್ಲಿ ಕೊನೆಗೆ ಏನು ಉಳಿಯಿತು ಎಂಬುದೇ ಸರಿಯಾದ ಮಾನದಂಡ ಎಂಬುದು ಈ ಲೇಖನದ ವಾದ.

ಬರ ಮತ್ತು ಮರಿಯಾಪುರ

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. 1876ರಲ್ಲಿ ಮಳೆ ಕೈಕೊಟ್ಟ ಮೇಲೆ ಎರಡು ವರ್ಷ ನಡೆದ ಸಾವು, ವಲಸೆಗಳ ಲೆಕ್ಕ ಈ ಇಳಿಕೆಯಲ್ಲಿದೆ. ಆಗ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಸರ್ಕಾರ ಗಂಜಿ ಕೇಂದ್ರಗಳನ್ನು ತೆರೆಯಿತು, ಬರಗಾಲದ ಕಾಮಗಾರಿಗಳನ್ನು ನಡೆಸಿತು. ಆದರೆ ತಂದೆತಾಯಿ ಸತ್ತ ಮಕ್ಕಳ ಮುಂದಿನ ಬದುಕು ಕಾಮಗಾರಿಯಿಂದ ಬಗೆಹರಿಯುವಂಥದ್ದಲ್ಲ. ಆ ಹೊಣೆಯ ದೊಡ್ಡ ಪಾಲನ್ನು ಮಿಷನ್‌ಗಳು ಹೊತ್ತವು. ವೆಸ್ಲಿಯನ್ನರ ಅನಾಥಾಲಯಗಳು ಹಾಸನ ಮತ್ತು ತುಮಕೂರಿನಲ್ಲಿದ್ದವು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳು ಜಮೀನು ಪಡೆದು ಬೇಸಾಯದ ಊರುಗಳನ್ನೇ ಕಟ್ಟಿದರು. ನೆಲಮಂಗಲ ಸೀಮೆಯ ಸಿಲುವೆಪುರ ಅಂಥದ್ದು. ಬನಶಂಕರಿಯಿಂದ ದಕ್ಷಿಣಕ್ಕೆ ಹೊರಡುವ ಕನಕಪುರ ರಸ್ತೆಯ ಕಡೆಯ ಮರಿಯಾಪುರ ಇನ್ನೊಂದು.

ಇಂಥ ಊರಿನಲ್ಲಿ ಪಾದ್ರಿಯ ಕೆಲಸ ಪೂಜೆಗೆ ಮುಗಿಯುತ್ತಿರಲಿಲ್ಲ. ಉಳುಮೆ, ಬಿತ್ತನೆ, ಶಾಲೆ, ನ್ಯಾಯಪಂಚಾಯಿತಿ ಎಲ್ಲದರ ಉಸ್ತುವಾರಿಯೂ ಅವನ ತಲೆಯ ಮೇಲೆ ಬರುತ್ತಿತ್ತು. ಮಕ್ಕಳು ಬದುಕಿದರು, ಅವರ ಸಂತತಿಗೆ ನೆಲವೂ ನೆಲೆಯೂ ಸಿಕ್ಕಿತು. ಅದೇ ಹೊತ್ತಿಗೆ ಬದುಕಿದವರು ಮಿಷನ್ನಿನ ಧರ್ಮಕ್ಕೆ ಸೇರಿದರು, ಮಿಷನ್ನಿನ ಆಡಳಿತಕ್ಕೂ ಒಳಪಟ್ಟರು. ಅನ್ನ ಮತ್ತು ಧರ್ಮ ಇಲ್ಲಿ ಹೆಣೆದುಕೊಂಡಿದ್ದವೆಂಬುದನ್ನು ಮುಚ್ಚಿಡುವುದು ಚರಿತ್ರೆಗೆ ಅಪಚಾರ; ಮಕ್ಕಳ ಜೀವ ಉಳಿಯಿತೆಂಬುದನ್ನು ಮರೆಯುವುದೂ ಅಷ್ಟೇ ಅಪಚಾರ.

ಗುಂಟೂರಿನಿಂದ ಬೆಂಗಳೂರಿಗೆ

ಈ ಎರಡು ಘಟ್ಟಗಳ ನಡುವಣ ಕೊಂಡಿ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ. 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸಿನಿಯಾದ ಆಕೆ ಪೋಪರ ವಿಶೇಷ ಅನುಮತಿಯಿಂದ ವೈದ್ಯವೃತ್ತಿ ನಡೆಸಿದರು. ಧಾರ್ಮಿಕ ವ್ರತ ತೊಟ್ಟ ಮಹಿಳೆಯರು ಹೆರಿಗೆ ಮಾಡಿಸುವುದೂ ಸೇರಿ ವೈದ್ಯಕೀಯ ಸೇವೆ ಮಾಡಲು ರೋಮ್ ಸಾರ್ವತ್ರಿಕವಾಗಿ ಒಪ್ಪಿದ್ದು 1936ರಲ್ಲಿ. 1943ರಲ್ಲಿ ಗ್ಲೌರಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಸ್ಥಾಪಿಸಿದರು. ಭಾರತದಲ್ಲೊಂದು ಕ್ಯಾಥೊಲಿಕ್ ವೈದ್ಯಕೀಯ ಕಾಲೇಜು ಬೇಕೆಂದು ಹಂಬಲಿಸಿದರು. 1957ರಲ್ಲಿ ಅವರು ತೀರಿಕೊಂಡದ್ದು ಬೆಂಗಳೂರಿನಲ್ಲಿ. ಆರು ವರ್ಷದ ಬಳಿಕ, 1963ರಲ್ಲಿ, ಅದೇ ನಗರದಲ್ಲಿ ಸೇಂಟ್ ಜಾನ್ಸ್ ಆರಂಭವಾಯಿತು. ಹಳ್ಳಿಗಾಡಿನಲ್ಲಿ ಸೇವೆಗೆ ನಿಲ್ಲುವ ಸಿಸ್ಟರ್‌ಗಳನ್ನು ವೈದ್ಯರನ್ನಾಗಿ ತಯಾರು ಮಾಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಗ್ಲೌರಿ ದುಡಿದ ಕೃಷ್ಣಾ ತೀರಕ್ಕೆ 1977ರಲ್ಲಿ ಆ ಕಾಲೇಜಿನ ನೆರವು ತಲುಪಿತು.

ದಿವಿಸೀಮೆ ಕಲಿಸುವ ಪಾಠ

ಉತ್ತರಾರ್ಧಗೋಳದಲ್ಲಿ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುವುದರಿಂದ ಅದು ಸಾಗುವ ದಾರಿಯ ಬಲಬದಿಯಲ್ಲಿ ಗಾಳಿ ಸಮುದ್ರವನ್ನು ನೆಲದತ್ತ ನೂಕುತ್ತದೆ. ಚೀರಾಲದ ಈಶಾನ್ಯಕ್ಕಿರುವ ದಿವಿಸೀಮೆ ಆ ಬಲಬದಿಗೆ ಸಿಕ್ಕಿತು. ಇಂಥ ಉಬ್ಬರ ಇಳಿದ ಮೇಲೆ ಬದುಕಿದವರಿಗೆ ಮೊದಲ ಗಂಡಾಂತರ ಕುಡಿಯುವ ನೀರಿನದು. ಬಾವಿಗೆ ಉಪ್ಪುನೀರು, ಕೆಸರು, ಸತ್ತ ದನಕರುಗಳ ಕೊಳೆ ಸೇರಿರುತ್ತದೆ.

ಸಮುದಾಯ ವೈದ್ಯಕೀಯ ಹೇಳಿಕೊಡುವ ಕ್ರಮ ಸರಳ. ಕ್ಲೋರಿನ್ ರೋಗಾಣುವನ್ನು ಕೊಲ್ಲಬಲ್ಲದು, ಉಪ್ಪನ್ನು ತೆಗೆಯಲಾರದು. ಆದ್ದರಿಂದ ಮೊದಲು ಕೆಟ್ಟ ನೀರನ್ನು ಎತ್ತಿ ಹೊರಹಾಕಬೇಕು. ಬಾವಿಯ ಅಗಲ, ನೀರಿನ ಆಳ ಅಳೆದು ಪ್ರಮಾಣ ಲೆಕ್ಕಹಾಕಬೇಕು. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು; ನೀರು ಕೊಳೆಯಾದಷ್ಟೂ ಹೆಚ್ಚು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ನೀರನ್ನು ಚೆನ್ನಾಗಿ ಕಲಕಿ, ಒಂದು ಗಂಟೆ ಕಾಯಬೇಕು. ಊರಿನ ಇಬ್ಬರು ಇದನ್ನು ಕಲಿತರೆ ಸಾಕು, ವೈದ್ಯರು ಹಿಂತಿರುಗಿದ ಮೇಲೂ ಊರಿಗೆ ಕುಡಿಯುವ ನೀರಿರುತ್ತದೆ. ಮರಿಯಾಪುರದ ಪರಿಹಾರ ಸಂತ್ರಸ್ತರನ್ನು ಮಿಷನ್ನಿನ ಅಂಗಳಕ್ಕೆ ಕರೆತಂದಿತ್ತು. ಈ ಕ್ರಮ ಕಲಿತವರು ಸಂತ್ರಸ್ತರ ಅಂಗಳಕ್ಕೆ ಹೋಗಿ, ವಿದ್ಯೆಯನ್ನು ಅಲ್ಲೇ ಬಿಟ್ಟು ಬರಬಲ್ಲರು.

ಆ ಕರಾವಳಿಯಲ್ಲಿ ಮುಂದೆ ಚಂಡಮಾರುತ ಆಸರೆ ಕಟ್ಟಡಗಳು ಎದ್ದವು; ಚರ್ಚಿನ ಸಂಸ್ಥೆಗಳೂ ಅವನ್ನು ಕಟ್ಟಿಸಿದವು. 1990ರ ಮೇ ತಿಂಗಳಲ್ಲಿ ಮತ್ತೊಂದು ಭಾರೀ ಚಂಡಮಾರುತ ಬಂದಾಗ ಸಾವು ಸುಮಾರು ಸಾವಿರದಲ್ಲಿ ನಿಂತಿತು. ಮುನ್ಸೂಚನೆ, ಜನರ ಸ್ಥಳಾಂತರ, ಆಸರೆ ಮೂರೂ ಕೂಡಿದ್ದರ ಫಲ ಅದು.

ಸಮಾರೋಪ

ಪರಿಹಾರ ಮಿಷನ್ನಿನ ಅಂಗಳದಿಂದ ಸಂತ್ರಸ್ತರ ಅಂಗಳಕ್ಕೆ ಸಾಗಿದ ಈ ಬದಲಾವಣೆ ದಾನದ ಪ್ರಮಾಣ ಹೆಚ್ಚಿದ್ದರಿಂದ ಬಂದದ್ದಲ್ಲ. ಧಾರ್ಮಿಕ ಮಹಿಳೆಯರಿಗೆ ವೈದ್ಯಕೀಯ ಶಿಕ್ಷಣ ದಕ್ಕಿದ್ದು ಮತ್ತು ವೈದ್ಯಕೀಯ ಶಿಕ್ಷಣ ಆಸ್ಪತ್ರೆಯ ಗೋಡೆ ದಾಟಿದ್ದು ಇದರ ಮೂಲ. 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಸೇಂಟ್ ಜಾನ್ಸ್ ಆರಂಭಿಸಿದ ಆರೋಗ್ಯ ಯೋಜನೆಯಲ್ಲಿ ಇದೇ ದೃಷ್ಟಿಯಿತ್ತು. ಸೇಂಟ್ ಜಾನ್ಸ್‌ನ ಸಮುದಾಯ ವೈದ್ಯಕೀಯ ವಿಭಾಗದಿಂದ ಹೊರಬಂದವರು 1984ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಮ್ಯೂನಿಟಿ ಹೆಲ್ತ್ ಸೆಲ್ ಅದನ್ನು ಮುಂದುವರಿಸಿತು. ಕರ್ನಾಟಕದ ಮಿಷನರಿ ಚರಿತ್ರೆಯೆಂದರೆ ನಿಘಂಟು, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಎಂಬಷ್ಟಕ್ಕೆ ನಮ್ಮ ಅಧ್ಯಯನ ನಿಂತಿದೆ. ಮರಿಯಾಪುರದ ಹಿರಿಯರ ನೆನಪು, ಸೇಂಟ್ ಜಾನ್ಸ್‌ನಲ್ಲಿ ಓದಿ ಪರಿಹಾರ ಶಿಬಿರಗಳಲ್ಲಿ ದುಡಿದು ಈಗ ಮುಪ್ಪಿಗೆ ಕಾಲಿಟ್ಟಿರುವ ಸಿಸ್ಟರ್‌ಗಳ ಅನುಭವ ಕನ್ನಡದಲ್ಲಿ ದಾಖಲಾಗಬೇಕು. ಮುಂದಿನ ವಿಪತ್ತಿಗೆ ನಾಡನ್ನು ಸಜ್ಜುಗೊಳಿಸುವ ತಿಳಿವಳಿಕೆ ಅದರಲ್ಲಿದೆ. ಕೇಳಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕು.