ಹೋಇಕೆ: ಮಕ್ಕಳ ಬಾಯಿಗೆ ಮರಳಿದ ಮಾತು

ಹವಾಯಿ ದ್ವೀಪಗಳ ಶಾಲೆಗಳಲ್ಲಿ ‘ಹೋಇಕೆ’ ಎಂಬ ಪದ್ಧತಿಯಿದೆ. ಹವಾಯಿ ಭಾಷೆಯಲ್ಲಿ ‘ಇಕೆ’ ಎಂದರೆ ಕಾಣು, ಅರಿ; ‘ಹೋಇಕೆ’ ಎಂದರೆ ಕಾಣಿಸು, ತೋರಿಸು. ಮಕ್ಕಳು ಹೆತ್ತವರ, ಊರವರ ಎದುರು ನಿಂತು ಹಾಡಿ, ಕುಣಿದು, ಭಾಷಣ ಮಾಡಿ ತಾವು ಕಲಿತುದನ್ನು ಒಪ್ಪಿಸುವುದೇ ಹೋಇಕೆ. ಮೇಲ್ನೋಟಕ್ಕೆ ಇದು ನಮ್ಮ ಶಾಲಾ ವಾರ್ಷಿಕೋತ್ಸವದಂತೆಯೇ ಕಾಣುತ್ತದೆ. ಆದರೆ ಆ ಮಕ್ಕಳು ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬುದರ ಹಿಂದೆ ಒಂದು ಜನಾಂಗದ ಏಳುಬೀಳಿನ ಕಥೆಯಿದೆ.

ಅಮೆರಿಕದ ಕ್ರೈಸ್ತ ಮಿಷನರಿಗಳು 1820ರಲ್ಲಿ ಹವಾಯಿಗೆ ಬಂದಾಗ ಅಲ್ಲಿನ ಭಾಷೆಗೆ ಲಿಪಿ ಇರಲಿಲ್ಲ. ವಂಶಾವಳಿ, ಇತಿಹಾಸ, ಸ್ತುತಿ ಎಲ್ಲವೂ ಕಂಠಸ್ಥವಾಗಿದ್ದವು. 1822ರಲ್ಲಿ ಹವಾಯಿ ಭಾಷೆಯ ಮುದ್ರಣ ಆರಂಭವಾಯಿತು. ಅರಸುಮನೆತನದವರ ಬೆಂಬಲದಿಂದ ಶಾಲೆಗಳು ಊರೂರಿಗೆ ಹಬ್ಬಿದವು. ಮೊದಮೊದಲು ಓದಲು ಬಂದವರಲ್ಲಿ ಹೆಚ್ಚಿನವರು ವಯಸ್ಕರೇ. ಆಗಿನ ಪರೀಕ್ಷೆಯ ಹೆಸರೂ ಹೋಇಕೆಯೇ. ಜನ ಸೇರಿದ ಬಯಲಿನಲ್ಲಿ ವಿದ್ಯಾರ್ಥಿಗಳು ಓದಿ, ಬಾಯಿಪಾಠ ಒಪ್ಪಿಸುತ್ತಿದ್ದರು. ನೆನಪಿನಲ್ಲೇ ಲೋಕವನ್ನು ಕಾಪಾಡಿಕೊಂಡು ಬಂದ ಜನಕ್ಕೆ ಇದು ತೀರ ಹೊಸದೇನೂ ಆಗಿರಲಿಲ್ಲ. 1834ರ ವೇಳೆಗೆ ಹವಾಯಿ ಭಾಷೆಯಲ್ಲಿ ಪತ್ರಿಕೆಯೂ ಹೊರಟಿತು.

ಶತಮಾನದ ಕೊನೆಗೆ ಗಾಳಿ ತಿರುಗಿತು. ಇಂಗ್ಲಿಷ್ ಶಾಲೆಗಳು ಆಗಲೇ ಹೆಚ್ಚುತ್ತಿದ್ದವು. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಗೊಳಿಸಲಾಯಿತು. ಹೊಸ ಆಡಳಿತ 1896ರಲ್ಲಿ ಸರ್ಕಾರಿ ಮತ್ತು ಖಾಸಗಿ ಶಾಲೆಗಳೆರಡಕ್ಕೂ ಇಂಗ್ಲಿಷನ್ನೇ ಬೋಧನ ಮಾಧ್ಯಮವೆಂದು ವಿಧಿಸಿತು. 1898ರಲ್ಲಿ ಹವಾಯಿ ಅಮೆರಿಕದ ವಶವಾಯಿತು. ಮನೆಮಾತನ್ನು ಆಡಿದ ಮಕ್ಕಳಿಗೆ ಶಾಲೆಯಲ್ಲಿ ಶಿಕ್ಷೆಯಾಗುತ್ತಿತ್ತು. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಹೆತ್ತವರೇ ಮನೆಯಲ್ಲಿ ಇಂಗ್ಲಿಷ್ ಆಡತೊಡಗಿದರು. ಹೀಗೆ ಮೊದಲು ಶಾಲೆಯಿಂದ ಹೊರಬಿದ್ದ ಭಾಷೆ ಅನಂತರ ಮನೆಯಿಂದಲೂ ಹೊರಬಿತ್ತು. 1980ರ ದಶಕದ ಆರಂಭದಲ್ಲಿ, ಪುಟ್ಟ ನಿಇಹಾವು ದ್ವೀಪವನ್ನು ಬಿಟ್ಟರೆ, ಅದನ್ನು ಸರಾಗವಾಗಿ ಆಡುವ ಮಕ್ಕಳು ಬೆರಳೆಣಿಕೆಯಷ್ಟೇ ಉಳಿದಿದ್ದರು.

1978ರಲ್ಲಿ ರಾಜ್ಯದ ಸಂವಿಧಾನ ಹವಾಯಿ ಭಾಷೆಗೆ ಇಂಗ್ಲಿಷಿನ ಜೊತೆ ಅಧಿಕೃತ ಸ್ಥಾನ ನೀಡಿತು. ಆದರೆ ಕಾಗದದ ಮೇಲಿನ ಮನ್ನಣೆಯಿಂದ ಮಗು ಮಾತು ಕಲಿಯುವುದಿಲ್ಲ. 1983ರಲ್ಲಿ ಕೆಲವು ಶಿಕ್ಷಕರು ‘ಅಹಾ ಪೂನಾನಾ ಲಿಯೋ’ ಸಂಸ್ಥೆ ಕಟ್ಟಿದರು. ‘ಪೂನಾನಾ ಲಿಯೋ’ ಎಂದರೆ ಮಾತಿನ ಗೂಡು. ಮರುವರ್ಷವೇ ಕವಾಯಿ ದ್ವೀಪದಲ್ಲಿ ಅದರ ಮೊದಲ ಶಿಶುವಿಹಾರ ತೆರೆಯಿತು. ಹಳೆಯ ನಿರ್ಬಂಧ 1986ರಲ್ಲಿ ಸಡಿಲಗೊಂಡಿತು. 1987ರಲ್ಲಿ ಹಿಲೋ ಪಟ್ಟಣದ ಕೆಯಾವುಕಹಾ ಮತ್ತು ಪರ್ಲ್ ಸಿಟಿಯ ವಾಯಾವು ಪ್ರಾಥಮಿಕ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ತರಗತಿಗಳು ಆರಂಭವಾದವು. ಶಿಶುವಿಹಾರದಿಂದ ಈ ದಾರಿಯಲ್ಲೇ ಓದಿ ಬಂದವರ ಮೊದಲ ತಂಡ 1999ರಲ್ಲಿ ಪ್ರೌಢಶಾಲೆ ಮುಗಿಸಿತು.

ಇಂಥ ಶಾಲೆಗಳಲ್ಲಿ ದಿನ ಆರಂಭವಾಗುವುದು ‘ಓಲಿ’ ಎಂಬ ಸಾಂಪ್ರದಾಯಿಕ ಪಠಣದಿಂದ. ತನ್ನನ್ನು ಪರಿಚಯಿಸಿಕೊಳ್ಳುವ ಮಗು ಹೆಸರಿನೊಂದಿಗೆ ತನ್ನ ಊರನ್ನು, ಹಿರಿಯರನ್ನೂ ನೆನೆಯುವುದುಂಟು. ಅದನ್ನು ಕೇಳುವ ಹೆತ್ತವರಲ್ಲಿ ಅನೇಕರು ಆ ಭಾಷೆಯನ್ನು ಬಾಲ್ಯದಲ್ಲಿ ಕಲಿತವರಲ್ಲ. ಹಾಗಾಗಿಯೇ ಪೂನಾನಾ ಲಿಯೋ ಶಿಶುವಿಹಾರಗಳು ಹೆತ್ತವರೂ ಭಾಷೆ ಕಲಿಯಬೇಕೆಂದು ಬಯಸಿದವು.

ಶಾಲೆ ಕಿತ್ತುಕೊಂಡ ಮಾತನ್ನು ಶಾಲೆಯೇ ಮರಳಿಸುತ್ತಿರುವುದು ಇಲ್ಲಿನ ವಿಶೇಷ. ಆದರೆ ವೇದಿಕೆಯ ಭಾಷಣ ಮುಗಿಸಿ ಮನೆಗೆ ಹೋದ ಮಗುವಿಗೆ ಅಡುಗೆಮನೆಯಲ್ಲೂ ಅದೇ ಭಾಷೆಯಲ್ಲಿ ಉತ್ತರ ಸಿಗಬೇಕು. ಭಾಷೆಯೊಂದರ ನಿಜವಾದ ಪರೀಕ್ಷೆ ಅಲ್ಲಿಯೇ ನಡೆಯುತ್ತದೆ.