ಕಾಶಿಗೆ ಎರಡು ರೈಲು, ಮತ್ತು ತನ್ನ ಜಾತಿ ಹೆಸರು ಹೇಳಿದ ಒಂದು ಪಾಪ್ ಹಾಡು

ಇವತ್ತು ಕಾಶಿ ಬಗ್ಗೆ ಮಾತಾಡೋಣ. ವಿಶ್ವನಾಥನ ಗುಡಿ, ಗಂಗಾರತಿ ಬಗ್ಗೆ ಅಲ್ಲ, ಪಾಪ್ ಹಾಡಿನ ಬಗ್ಗೆ. ಎರಡಕ್ಕೂ ಏನ್ ಸಂಬಂಧ ಅಂತೀರಾ? ಸಂಬಂಧ ಇದೆ, ಒಂದು ರೈಲಿನ ಮೂಲಕ.

ನಮಗೆ ಗೊತ್ತಿರೋ ರೈಲಿಂದಲೇ ಶುರು ಮಾಡೋಣ. 2022ರ ನವೆಂಬರ್ 11ರಂದು ಬೆಂಗಳೂರಿನ ಕೆಎಸ್ಆರ್ ಸ್ಟೇಷನ್ನಿಂದ ಭಾರತ್ ಗೌರವ್ ಕಾಶಿ ಯಾತ್ರೆ ರೈಲು ಹೊರಟಿತು. ಆಮೇಲೆ ನಮ್ಮಲ್ಲಿ ಎಷ್ಟೋ ಜನ ಹೈದರಾಬಾದಲ್ಲೋ ಪುಣೆಯಲ್ಲೋ ಸಿಯಾಟಲ್‌ನಲ್ಲೋ ಕೂತುಕೊಂಡು ಅಪ್ಪ ಅಮ್ಮನಿಗೆ ಆ ರೈಲಲ್ಲಿ ಸೀಟು ಬುಕ್ ಮಾಡಿಸಿದ್ದೀವಿ. ಅವರು ಗಂಗೆಯಲ್ಲಿ ಮುಳುಗಿ, ಜಂಗಮವಾಡಿ ಮಠ ನೋಡಿ, ಚೊಂಬಲ್ಲಿ ನೀರು ತುಂಬಿಕೊಂಡು ಬರ್ತಾರೆ.

ಕಾಶಿಗೆ ಇನ್ನೊಂದು ರೈಲೂ ಬರುತ್ತೆ. ಪ್ರತಿವರ್ಷ ಮಾಘ ಹುಣ್ಣಿಮೆ ಹೊತ್ತಿಗೆ ಪಂಜಾಬಿನ ಜಲಂಧರ್‌ನಿಂದ ಹೊರಡುವ ವಿಶೇಷ ರೈಲು ಅದು. ಅದರಲ್ಲಿ ಬರುವವರು ಹೋಗುವುದು ವಿಶ್ವನಾಥನ ಗುಡಿಗಲ್ಲ. ಊರಿನ ದಕ್ಷಿಣ ತುದಿಯಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಕ್ಕ, ಸೀರ್ ಗೋವರ್ಧನ್‌ಪುರ ಅಂತ ಒಂದು ಜಾಗ ಇದೆ. ಸಂತ ರವಿದಾಸ್ ಹುಟ್ಟಿದ್ದು ಅಲ್ಲಿ ಅನ್ನೋದು ಭಕ್ತರ ನಂಬಿಕೆ. ಚಮ್ಮಾರ ಕುಲದ ಸಂತ. ಜಲಂಧರ್ ಹತ್ತಿರದ ಡೇರಾ ಸಚ್‌ಖಂಡ್ ಬಲ್ಲಾಂನವರು 1965ರಲ್ಲಿ ಅಲ್ಲಿ ಗುಡಿಗೆ ಅಡಿಗಲ್ಲು ಹಾಕಿದರು. ಇವತ್ತು ಅದಕ್ಕೆ ಬಂಗಾರದ ಗೋಪುರ ಇದೆ.

ಆ ವಿಶೇಷ ರೈಲನ್ನು ಜನ ಕರೆಯೋದು ಬೇಗಂಪುರ ಎಕ್ಸ್‌ಪ್ರೆಸ್ ಅಂತ. ವಾರಾಣಸಿ ಮತ್ತು ಜಮ್ಮು ನಡುವೆ ಓಡಾಡುವ ರೆಗ್ಯುಲರ್ ರೈಲಿಗೂ ಅದೇ ಹೆಸರು. ಬೇಗಂ ಅಂದ ತಕ್ಷಣ ರಾಣಿ ನೆನಪಾಗಬಹುದು. ಅದಲ್ಲ. ಬೇ-ಗಮ್, ಅಂದರೆ ದುಃಖ ಇಲ್ಲದ್ದು. ಬೇಗಂಪುರ ಅಂದರೆ ದುಃಖವಿಲ್ಲದ ಊರು. ರವಿದಾಸರ ಒಂದು ಪದದಲ್ಲಿ ಬರುವ ಊರು ಅದು. ಅಲ್ಲಿ ಕಂದಾಯದ ಭಯ ಇಲ್ಲ, ಎರಡನೇ ದರ್ಜೆ ಮೂರನೇ ದರ್ಜೆ ಮನುಷ್ಯರಿಲ್ಲ, ಎಲ್ಲಿ ಬೇಕಾದರೂ ಓಡಾಡಬಹುದು. ಐನೂರು ವರ್ಷದ ಹಿಂದೆ ಚಪ್ಪಲಿ ಹೊಲಿಯುತ್ತಾ ಕೂತ ಒಬ್ಬರು ಕಂಡ ಕನಸು. "ಎಲ್ಲಿ ಬೇಕಾದರೂ ಓಡಾಡಬಹುದು" ಅನ್ನೋದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತು, ಯೋಚನೆ ಮಾಡಿ.

ಈಗ ಪಾಪ್ ಹಾಡಿಗೆ ಬರೋಣ.

ಸಮಾಜಕ್ಕೆ ಒಳ್ಳೇ ಮಾತು ಹೇಳುವ ದೊಡ್ಡ ಮ್ಯೂಸಿಕ್ ವಿಡಿಯೋ ಅಂದರೆ ಮೈಕಲ್ ಜಾಕ್ಸನ್ ನೆನಪಾಗ್ತಾನೆ. 1983ರ ‘ಥ್ರಿಲ್ಲರ್’ ಸುಮಾರು 14 ನಿಮಿಷದ್ದು. ಅದರಲ್ಲಿ ಸಂದೇಶ ಏನಿಲ್ಲ, ಬರೀ ದೆವ್ವ. ಆದರೆ ಹಾಡಿನ ವಿಡಿಯೋನೂ ಒಂದು ಪುಟ್ಟ ಸಿನಿಮಾ ಆಗಬಹುದು ಅಂತ ಅದು ತೋರಿಸಿತು. 1987ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ ‘ಬ್ಯಾಡ್’ 18 ನಿಮಿಷ. ಒಳ್ಳೇ ಖಾಸಗಿ ಶಾಲೆಗೆ ಓದೋಕೆ ಹೋದ ಕಪ್ಪು ಹುಡುಗ ರಜೆಗೆ ಮನೆಗೆ ಬರ್ತಾನೆ, ಹಳೇ ಗೆಳೆಯರು "ನೀನು ಈಗಲೂ ನಮ್ಮವನೇನಾ?" ಅಂತ ಅವನನ್ನು ಪರೀಕ್ಷೆ ಮಾಡ್ತಾರೆ. ಓದಿ ಊರು ಬಿಟ್ಟ ನಮಗೆ ಈ ಕಥೆ ಹೊಸದಲ್ಲ, ಅಲ್ವಾ?

ಅದರ ಮರುವರ್ಷ ನಮ್ಮ ದೇಶದಲ್ಲೂ ಒಂದು ಬಂತು. 1988ರ ಆಗಸ್ಟ್ 15, ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’. ಸುಮಾರು ಆರು ನಿಮಿಷ. ಶುರುವಾಗೋದೇ ನಮ್ಮ ಗದಗಿನ ಭೀಮಸೇನ ಜೋಶಿಯವರ ಭೈರವಿಯಿಂದ. ನಮ್ಮ ಪ್ರಕಾಶ್ ಪಡುಕೋಣೆ ಇದ್ದಾರೆ, ಕನ್ನಡದ ಸಾಲೂ ಇದೆ. ಈಗಲೂ ಕೇಳಿದರೆ ಗಂಟಲು ಕಟ್ಟುತ್ತೆ. ಹೊರರಾಜ್ಯದಲ್ಲಿ, ಹೊರದೇಶದಲ್ಲಿ ಇರುವವರಿಗಂತೂ ಇನ್ನೂ ಜಾಸ್ತಿ.

ಆದರೆ ಆ ಆರು ನಿಮಿಷದಲ್ಲಿ ಏನಿತ್ತು, ಏನಿರಲಿಲ್ಲ ಅಂತ ಸ್ವಲ್ಪ ಗಮನಿಸಿ. ಭಾಷೆ ಇತ್ತು, ಉಡುಗೆ ಇತ್ತು, ನದಿ, ಜಲಪಾತ, ರೈಲು ಎಲ್ಲಾ ಇತ್ತು. ಜಾತಿ ಅನ್ನೋ ಮಾತು ಮಾತ್ರ ಇರಲಿಲ್ಲ. ನಾವೆಲ್ಲ ಬೇರೆ ಬೇರೆ, ಆದರೂ ಒಂದೇ ಅಂತ ಹೇಳಿತು. ನಮ್ಮನ್ನು ಮೇಲೆ ಕೆಳಗೆ ಮಾಡಿದ್ದು ಏನು ಅಂತ ಹೇಳಲಿಲ್ಲ.

ಅದೇ 1988ರ ಮಾರ್ಚ್ 8ರಂದು ಪಂಜಾಬಿನ ಮೆಹ್ಸಂಪುರದಲ್ಲಿ ಅಮರ್ ಸಿಂಗ್ ಚಮ್ಕೀಲಾ ಅನ್ನೋ ಗಾಯಕನನ್ನು, ಅವನ ಜೊತೆ ಹಾಡುತ್ತಿದ್ದ ಹೆಂಡತಿ ಅಮರ್‌ಜೋತ್‌ಳನ್ನು ಗುಂಡಿಟ್ಟು ಕೊಂದರು. 2024ರಲ್ಲಿ ಬಂದ ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತು. ಅವನು ದಲಿತ. ಪಂಜಾಬಲ್ಲಿ ಅವನ ಕ್ಯಾಸೆಟ್ಟುಗಳು ಬಿಸಿ ದೋಸೆ ಥರ ಖರ್ಚಾಗ್ತಿದ್ದವು. ಕೊಂದವರು ಯಾರು ಅಂತ ಇವತ್ತಿಗೂ ಸಾಬೀತಾಗಿಲ್ಲ. ಒಂದೇ ವರ್ಷ, ಒಂದೇ ದೇಶ: ಟಿವಿಯಲ್ಲಿ ಎಲ್ಲರ ಸ್ವರ ಒಂದಾಗ್ತಾ ಇತ್ತು, ಒಂದು ಹಳ್ಳಿಯಲ್ಲಿ ಒಂದು ಸ್ವರ ನಿಂತುಹೋಗಿತ್ತು.

ಪಂಜಾಬಿ ಪಾಪ್ ಅಂದರೆ ನಮಗೆ ಗೊತ್ತಿರೋದು ‘ಜಟ್’ ಅನ್ನೋ ಪದ. ಆಫೀಸ್ ಪಾರ್ಟಿಯಲ್ಲಿ ಡಿಜೆ ಹಾಕುವ ಹಾಡುಗಳಲ್ಲಿ ಎಷ್ಟು ಸಲ ಬರುತ್ತೆ ಎಣಿಸಿ ನೋಡಿ. ನಾವೂ ಕುಣೀತೀವಿ. ಅದು ಒಂದು ಜಮೀನ್ದಾರ ಜಾತಿಯ ಹೆಸರು ಅನ್ನೋದು ನಮ್ಮ ತಲೆಗೆ ಹೋಗೋದೇ ಇಲ್ಲ. 2011ರ ಜನಗಣತಿ ಪ್ರಕಾರ ಪಂಜಾಬಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 32ರ ಹತ್ತಿರ; ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚು. ಮೂವರಲ್ಲಿ ಒಬ್ಬರು. ಅವರ ಹೆಸರು ಮಾತ್ರ ಡಿಜೆ ಹಾಡಲ್ಲಿ ಇರಲಿಲ್ಲ.

ಇದು ಬದಲಾದದ್ದಕ್ಕೂ ಕಾಶಿಗೂ ನೇರ ಸಂಬಂಧ ಇದೆ. 2009ರ ಮೇ 24ರಂದು ಆಸ್ಟ್ರಿಯಾದ ವಿಯೆನ್ನಾದಲ್ಲಿ ರವಿದಾಸರ ಮಂದಿರವೊಂದಕ್ಕೆ ನುಗ್ಗಿ ದಾಳಿ ಮಾಡಿದರು. ಡೇರಾ ಬಲ್ಲಾಂನ ಸಂತ ರಾಮಾನಂದರು ತೀರಿಕೊಂಡರು. ಪಂಜಾಬ್ ಹೊತ್ತಿ ಉರಿಯಿತು. ಮುಂದಿನ ವರ್ಷ, 2010ರ ಜನವರಿ 30ರಂದು ರವಿದಾಸ್ ಜಯಂತಿಯ ದಿನ, ಅದೇ ಸೀರ್ ಗೋವರ್ಧನ್‌ಪುರದಲ್ಲಿ ಡೇರಾದವರು ರವಿದಾಸಿಯಾ ಅನ್ನೋ ಪ್ರತ್ಯೇಕ ಧರ್ಮವನ್ನೇ ಘೋಷಿಸಿದರು. ಆಮೇಲೆ ಹಾಡುಗಳ ದೊಡ್ಡ ಅಲೆಯೇ ಎದ್ದಿತು. ಅದೇ ಢೋಲ್, ಅದೇ ಬೀಟ್, ಆದರೆ ‘ಜಟ್’ ಇದ್ದ ಜಾಗದಲ್ಲಿ ‘ಚಮಾರ್’.

ಆ ಅಲೆಯಲ್ಲಿ ಬಂದವಳು ಜಲಂಧರ್‌ನ ಗಿನ್ನಿ ಮಾಹಿ. ಹುಟ್ಟಿದ್ದು 1998ರಲ್ಲಿ. ಚಿಕ್ಕವಳಿದ್ದಾಗ ರವಿದಾಸರ ಭಕ್ತಿಗೀತೆ ಹಾಡುತ್ತಿದ್ದಳು. ಅವಳ ಒಂದು ಆಲ್ಬಮ್ಮಿನ ಹೆಸರೇ ‘ಗುರ್‌ಪುರಬ್ ಹೈ ಕಾಂಶಿ ವಾಲೇ ದಾ’, ಅಂದರೆ ಕಾಶಿಯವನ ಜಯಂತಿ. ಆಮೇಲೆ ಅಂಬೇಡ್ಕರರ ಫ್ಯಾನ್ ಅಂತ ಹೇಳಿಕೊಳ್ಳುವ ಹಾಡು ಬಂತು. 2016ರ ಹೊತ್ತಿಗೆ ದೇಶದ ಪತ್ರಿಕೆಗಳೆಲ್ಲ ಅವಳ ಕಡೆ ತಿರುಗಿದ್ದು ‘ಡೇಂಜರ್ ಚಮಾರ್’ ಅನ್ನೋ ವಿಡಿಯೋದಿಂದ.

ಆ ಹಾಡು ಹುಟ್ಟಿದ್ದು ಹೇಗೆ ಅಂತ ಅವಳೇ ಸಂದರ್ಶನಗಳಲ್ಲಿ ಹೇಳಿದ್ದಾಳೆ. ಕಾಲೇಜಿನಲ್ಲಿ ಒಬ್ಬ ಹುಡುಗಿ ನಿನ್ನ ಜಾತಿ ಯಾವುದು ಅಂತ ಕೇಳಿದಳಂತೆ. ಎಸ್‌ಸಿ ಅಂದರೆ ಸಾಕಾಗಲಿಲ್ಲ, ಅದರಲ್ಲಿ ಯಾವುದು ಅಂತ ಮತ್ತೆ ಪ್ರಶ್ನೆ. ಹೇಳಿದ ಮೇಲೆ, ಅಯ್ಯೋ ಅವರು ಡೇಂಜರ್ ಅಂತ ಉತ್ತರ. ಆ ಮಾತನ್ನೇ ಎತ್ತಿಕೊಂಡು ಹಾಡಿನ ಹೆಸರು ಮಾಡಿದಳು. ಡೇಂಜರ್ ಹೌದು, ಆದರೆ ಆಯುಧದಿಂದಲ್ಲ, ತ್ಯಾಗಕ್ಕೆ ಹೆದರದೆ ಇರೋದರಿಂದ ಅನ್ನೋದು ಹಾಡಿನ ತಾತ್ಪರ್ಯ. ಅವಮಾನ ಮಾಡೋ ಉದ್ದೇಶದಿಂದ ಆ ಪದ ಬಳಸಿದರೆ ಅಪರಾಧ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೈಗುಳ ಆಗಿದ್ದ ಅದೇ ಪದ ಇಲ್ಲಿ ಹುಡುಗಿಯೊಬ್ಬಳ ಬಾಯಲ್ಲಿ ಪಲ್ಲವಿ ಆಯ್ತು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ. ಜಾತಿ ಹೋಗಬೇಕು ಅನ್ನುವವರು ಜಾತಿ ಹೆಸರು ಹೇಳಿ ಮೆರೆದರೆ ಜಾತಿ ಉಳಿಸಿದ ಹಾಗಲ್ವಾ? ನ್ಯಾಯವಾದ ಪ್ರಶ್ನೆ. ಈ ಅಲೆಯ ಕೆಲವು ಹಾಡುಗಳಲ್ಲಿ ಜಟ್ ಹಾಡುಗಳ ಗತ್ತನ್ನೇ ನಕಲು ಮಾಡಿದ್ದೂ ಇದೆ. ಆದರೆ ರವಿದಾಸರ ಪದಗಳನ್ನೇ ನೋಡಿ. ಗುರು ಗ್ರಂಥ ಸಾಹಿಬ್‌ನಲ್ಲಿ ಅವರ ಸುಮಾರು 40 ಪದಗಳಿವೆ. ಅವುಗಳಲ್ಲಿ ಅವರು ತಾನು ಚಮಾರ ಅಂತ ಮತ್ತೆ ಮತ್ತೆ ಹೇಳಿಕೊಳ್ತಾರೆ. ಮುಚ್ಚಿಡಲ್ಲ. ತಾನು ಯಾರು ಅಂತ ಹೇಳಿ, ಆಮೇಲೆ ದರ್ಜೆಗಳೇ ಇಲ್ಲದ ಊರಿನ ಮಾತಾಡ್ತಾರೆ. ಆ ಕ್ರಮ ಮುಖ್ಯ. ನೋವಿನ ಹೆಸರು ಹೇಳದೆ ‘ನಾವೆಲ್ಲ ಒಂದೇ’ ಅಂದರೆ ಅದು ಆರಾಮಾಗಿ ಇರುವವರ ಹಾಡಾಗುತ್ತೆ. ಹೆಸರು ಹೇಳಿ ಅದೇ ಮಾತು ಅಂದರೆ ಕೇಳುವವರು ಉತ್ತರ ಕೊಡಬೇಕಾಗುತ್ತೆ.

ಇದನ್ನೆಲ್ಲ ಓದುವಾಗ ನನಗೆ ಅನ್ನಿಸಿದ್ದು, ಕನ್ನಡದವರಿಗೆ ಇದು ಹೊಸ ಪಾಠ ಏನಲ್ಲ ಅಂತ. 12ನೇ ಶತಮಾನದ ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯ ಇದ್ದ. ಅವನ ಮನೆಯ ಮದುವೆಗೆ ಕಲ್ಯಾಣ ಕೊಟ್ಟ ಬೆಲೆ ನಮಗೆಲ್ಲ ಗೊತ್ತು. ಇನ್ನು ಹತ್ತಿರ ಬಂದರೆ, 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಕವನ ಸಂಕಲನಕ್ಕೆ ಇಟ್ಟ ಹೆಸರು ‘ಹೊಲೆಮಾದಿಗರ ಹಾಡು’. ಆ ಎರಡು ಪದಗಳು ಆಗ ಎಲ್ಲಿ, ಹೇಗೆ ಬಳಕೆಯಾಗ್ತಿದ್ದವು ಅಂತ ಊರಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಅವನ್ನು ಪುಸ್ತಕದ ಮುಖಪುಟಕ್ಕೆ ತಂದರು. ಆ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯವರು ತಮಟೆ ಹಿಡಿದು ಊರೂರಲ್ಲಿ ಹಾಡಿದರು. ಯೂಟ್ಯೂಬ್ ಇರಲಿಲ್ಲ, ಕಂಠ ಇತ್ತು. ಜಲಂಧರ್‌ನ ಹುಡುಗಿ 2016ರಲ್ಲಿ ಮಾಡಿದ್ದನ್ನು ಕನ್ನಡ 41 ವರ್ಷ ಮೊದಲೇ ಮಾಡಿತ್ತು.

ಹಾಗಾದರೆ ನಾವು, ಊರು ಬಿಟ್ಟು ಬಂದ ಐಟಿ ಜನ, ಎಲ್ಲಿದ್ದೀವಿ? ಜಾತಿ ಎಲ್ಲ ಊರಲ್ಲೇ ಬಿಟ್ಟು ಬಂದ್ವಿ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಬಾಡಿಗೆ ಮನೆ ಕೇಳೋಕೆ ಹೋದಾಗ "ನೀವು ಯಾವ ಜನ?" ಅನ್ನೋ ಪ್ರಶ್ನೆ ಬರುತ್ತೆ. ಈಗ ಅದು "ವೆಜ್ಜಾ, ನಾನ್‌ವೆಜ್ಜಾ?" ಅಂತ ವೇಷ ಹಾಕಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅಮೆರಿಕದ ನಗರಗಳಲ್ಲಿ ಮೊದಲನೆಯದಾಗಿ. ಎಲ್ಲಾ ಬಿಟ್ಟು ಬಂದಿದ್ದರೆ ಅಲ್ಲಿ ಆ ಕಾನೂನು ಯಾಕೆ ಬೇಕಿತ್ತು? ಪ್ರಶ್ನೆ ಎದುರಾದವರಿಗೆ ಅದು ನೆನಪಿರುತ್ತೆ. ಎದುರಾಗದ ನಮ್ಮಂಥವರಿಗೆ ಕೇಳಿಸೋದೇ ಇಲ್ಲ, ಡಿಜೆ ಹಾಡಿನ ‘ಜಟ್’ ಕೇಳಿಸದ ಹಾಗೆ.

ಮುಂದಿನ ಸಲ ಅಪ್ಪ ಅಮ್ಮನನ್ನು ಕರ್ಕೊಂಡು ಕಾಶಿಗೆ ಹೋದಾಗ ಒಂದು ಕೆಲಸ ಮಾಡಿ. ವಿಶ್ವನಾಥನ ದರ್ಶನ ಆದ ಮೇಲೆ ಆಟೋ ಹತ್ತಿ, ಯೂನಿವರ್ಸಿಟಿ ಗೇಟಿನ ಕಡೆಯಿಂದ ಸೀರ್ ಗೋವರ್ಧನ್‌ಪುರಕ್ಕೆ ಹೋಗಿ ಬನ್ನಿ. ಮಾಘ ಹುಣ್ಣಿಮೆ ಹೊತ್ತಾದರೆ ಆ ಇನ್ನೊಂದು ರೈಲಿನ ಜನ ಸಿಗ್ತಾರೆ. ಲಂಗರಿನ ಸಾಲಲ್ಲಿ ಅವರ ಪಕ್ಕ ನೆಲದ ಮೇಲೆ ಕೂತು ಊಟ ಮಾಡಿ. ಅಪ್ಪ ಅಮ್ಮ "ಇದು ಯಾರ ಗುಡಿ?" ಅಂತ ಕೇಳೇ ಕೇಳ್ತಾರೆ. ಆಗ ಮುಜುಗರ ಪಡದೆ ಪೂರ್ತಿ ಹೆಸರು ಹೇಳಿ.